ಬೀದಿ ದೀಪ ಯಾರದ್ದು?

ಸರ್ಕಾರದ ಪಾಠವನ್ನು ನಾನು ಶುರು ಮಾಡುವುದು ದೆಹಲಿಯಿಂದಲ್ಲ, ಶಾಲೆ ಗೇಟಿನಿಂದ. ಬೀದಿ ದೀಪ, ನಲ್ಲಿ ನೀರು, ಚರಂಡಿ ನೋಡಿಕೊಳ್ಳುವುದು ಗ್ರಾಮ ಪಂಚಾಯಿತಿ. ದೀಪಕ್ಕೆ ಬರುವ ಕರೆಂಟು ರಾಜ್ಯದ ಕಂಪನಿಯದ್ದು. ಅಂಚೆ ಕಚೇರಿ, ರೈಲ್ವೆ ಗೇಟು ಕೇಂದ್ರದ್ದು. ಇಷ್ಟು ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. ಬಿಸಿಯೂಟ ಯಾರದ್ದು ಅಂತ ಒಬ್ಬಳು ಕೇಳಿದಾಗ ಮಾತ್ರ ಅರ್ಧ ಪೀರಿಯಡ್ ಹಿಡಿಯಿತು, ಯಾಕಂದ್ರೆ ಅದಕ್ಕೆ ಕೇಂದ್ರ, ರಾಜ್ಯ ಎರಡೂ ದುಡ್ಡು ಹಾಕುತ್ತವೆ, ಕ್ಷೀರಭಾಗ್ಯದ ಹಾಲು ರಾಜ್ಯದ್ದು. ಒಳ್ಳೆಯ ಪ್ರಶ್ನೆ, ಖುಷಿಯಾಯಿತು.

1993ರಲ್ಲಿ 73ನೇ ತಿದ್ದುಪಡಿ ಜಾರಿಯಾಗಿ ಪಂಚಾಯಿತಿಗೆ ಸಂವಿಧಾನದಲ್ಲೇ ಗಟ್ಟಿ ಜಾಗ ಸಿಕ್ಕಿದೆ. ಆದರೂ ದೊಡ್ಡವರು ಮೋರಿ ಬ್ಲಾಕ್ ಆದರೂ ಎಂಎಲ್‌ಎ ಮನೆಗೇ ಹೋಗುತ್ತಾರೆ, ಅಲ್ವಾ? ನಮ್ಮ ಮಕ್ಕಳು ಮಕ್ಕಳ ಗ್ರಾಮಸಭೆಯಲ್ಲಿ ಶಾಲೆ ಶೌಚಾಲಯದ ನೀರಿನ ಬಗ್ಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಅವರನ್ನೇ ಕೇಳುತ್ತಾರಂತೆ. ಪ್ರಶ್ನೆ ಬರೆದಿಟ್ಟುಕೊಂಡಿದ್ದಾರೆ.