ಚಿಹ್ನೆ ಹೇಳುವುದೆಷ್ಟು, ಅಭ್ಯರ್ಥಿಯಿಂದ ಕೇಳಿ ತಿಳಿಯಬೇಕಾದ್ದೆಷ್ಟು

ಕೇರಳದ ಕಾಸರಗೋಡು ಜಿಲ್ಲೆಯ ಗಡಿಕ್ಷೇತ್ರ ಮಂಜೇಶ್ವರದಲ್ಲಿ ಚುನಾವಣೆಯ ಮಾತು ಎಲ್ಲಿ ಶುರುವಾದರೂ ‘ಮತ ಒಡೆಯಬಾರದು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕಾರಣವಿಲ್ಲದೆ ಅಲ್ಲ. 2016ರಲ್ಲಿ ಇಲ್ಲಿ ಮುಸ್ಲಿಂ ಲೀಗ್ ಬಿಜೆಪಿಯನ್ನು ಸೋಲಿಸಿದ್ದು 89 ಮತಗಳಿಂದ, 2021ರಲ್ಲಿ 745 ಮತಗಳಿಂದ. ಇಷ್ಟು ಬಿಗಿಯಾದ ಕ್ಷೇತ್ರದಲ್ಲಿ ಅಭ್ಯರ್ಥಿಗೆ ಎಡ, ಬಲ, ಕೋಮುವಾದಿ, ಜಾತ್ಯತೀತ, ಕನ್ನಡಪರ ಎಂದು ಒಂದು ಹಣೆಪಟ್ಟಿ ಹಚ್ಚಿಬಿಟ್ಟರೆ ಮತ್ತೆ ಅವನನ್ನು ಏನೂ ಕೇಳುವುದಿಲ್ಲ.

ಹಣೆಪಟ್ಟಿಗೆ ಬೆಲೆಯೇ ಇಲ್ಲ ಎನ್ನುವ ವಾದವನ್ನೂ ನಾನು ಒಪ್ಪುವುದಿಲ್ಲ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಮೀರಿ ಮತ ಹಾಕಿದ ಶಾಸಕನ ಸ್ಥಾನವೇ ಹೋಗಬಹುದು. ಹಾಗಾಗಿ ಮಸೂದೆಯ ಮೇಲೆ ಅವನ ಕೈ ಯಾವ ಕಡೆ ಏಳುತ್ತದೆ ಎಂಬುದನ್ನು ಪಕ್ಷದ ಚಿಹ್ನೆ ನೋಡಿಯೇ ಹೇಳಬಹುದು. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಗ್ರಾಮ ಪಂಚಾಯತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ನಮ್ಮಲ್ಲಿ ವಾರ್ಡಿನ ಮಟ್ಟದಲ್ಲೂ ಇದೆ, ಪಂಚಾಯತು ಸದಸ್ಯರಿಗೂ 1999ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ.

ಆದರೆ ಸಭೆಯಲ್ಲಿ ಕೈ ಎತ್ತುವುದು ಶಾಸಕನ ಕೆಲಸದಲ್ಲಿ ಸಣ್ಣ ಪಾಲು. ಯಾವ ಪ್ರಶ್ನೆ ಕೇಳಿದ, ಯಾವ ಕಡತದ ಹಿಂದೆ ಬಿದ್ದ, ಪಕ್ಷದ ಒಳಗೆ ಯಾರ ವಿರುದ್ಧ ನಿಂತ ಎಂಬುದು ಚಿಹ್ನೆಯಿಂದ ಗೊತ್ತಾಗುವುದಿಲ್ಲ. ಇಡುಕ್ಕಿಯ ಕಾಂಗ್ರೆಸ್ ಸಂಸದರಾಗಿದ್ದ ಪಿ.ಟಿ. ಥಾಮಸ್ ಪಶ್ಚಿಮ ಘಟ್ಟದ ಪರಿಸರ ರಕ್ಷಣೆಯ ಗಾಡ್ಗೀಳ್ ವರದಿಯನ್ನು ಬೆಂಬಲಿಸಿದರು. 2014ರಲ್ಲಿ ಅವರಿಗೆ ಟಿಕೆಟ್ ಸಿಗಲಿಲ್ಲ. ಅಲ್ಲಿ ಗೆದ್ದದ್ದು ವರದಿಯನ್ನು ವಿರೋಧಿಸಿದ್ದ, ಎಡರಂಗ ಬೆಂಬಲಿತ ಪಕ್ಷೇತರ. ಕಾಂಗ್ರೆಸ್ ಎಂದರೆ ಹೀಗೆ, ಎಡ ಎಂದರೆ ಪರಿಸರದ ಕಡೆ ಎಂದು ಲೆಕ್ಕ ಹಾಕಿದವರಿಗೆ ಎರಡೂ ತಪ್ಪಿತು. 2020ರಲ್ಲಿ ರಬ್ಬರ್ ಬೆಳೆಗಾರರ ಪರ ನಿಲ್ಲುವ ಕೇರಳ ಕಾಂಗ್ರೆಸ್ (ಎಂ) ಕಾಂಗ್ರೆಸ್ ನೇತೃತ್ವದ ಐಕ್ಯರಂಗದಿಂದ ಹೊರಬಿದ್ದು ಎಡರಂಗ ಸೇರಿದಾಗ ಬದಲಾದದ್ದು ರಂಗ. ರಬ್ಬರಿನ ಬೇಡಿಕೆ ಹಾಗೇ ಉಳಿಯಿತು.

ಹಾಗಾದರೆ ಏನು ಕೇಳಬೇಕು? ‘ಕನ್ನಡದ ಪರವೇ?’ ಎಂದರೆ ಇಲ್ಲ ಎನ್ನುವವರು ಯಾರೂ ಇಲ್ಲ. ಅಧಿಕಾರ ಯಾರ ಕೈಯಲ್ಲಿದೆ ಎಂದು ಮೊದಲು ನೋಡಿಕೊಂಡು ಪ್ರಶ್ನೆ ಕಟ್ಟಬೇಕು. ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದ ಶಿಕ್ಷಕರು ಬರುವ ದೂರನ್ನೇ ತೆಗೆದುಕೊಳ್ಳಿ. ಸರಕಾರಿ ಶಾಲೆಗೆ ಆಯ್ಕೆ ಪಿಎಸ್‌ಸಿ (ರಾಜ್ಯದ ಲೋಕಸೇವಾ ಆಯೋಗ) ಮೂಲಕ. ಅನುದಾನಿತ ಶಾಲೆಯಲ್ಲಿ ನೇಮಿಸುವವರು ಶಾಲೆಯ ಆಡಳಿತ ನಡೆಸುವ ಮ್ಯಾನೇಜರ್, ಸಂಬಳ ಸರಕಾರದ್ದು. ‘ಶಿಕ್ಷಕರ ಸಮಸ್ಯೆ ಬಗೆಹರಿಸುತ್ತೇನೆ’ ಎನ್ನುವವರಿಗೆ ಕೇಳಬೇಕಾದ್ದು: ಯಾವ ಶಾಲೆಯದ್ದು? ಪಿಎಸ್‌ಸಿ ಸಂದರ್ಶನದಲ್ಲಿ ಕನ್ನಡ ಪರಿಣತರು ಕೂರಬೇಕೆಂದು ಒತ್ತಾಯಿಸುತ್ತೀರೋ, ಅರ್ಹತೆಯ ನಿಯಮವನ್ನೇ ತಿದ್ದಿಸುತ್ತೀರೋ? ನಿಮ್ಮ ಪಕ್ಷದ ಶಿಕ್ಷಕರ ಸಂಘಟನೆ ಬೇಡವೆಂದರೆ ಏನು ಮಾಡುತ್ತೀರಿ? ಈ ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಉಳಿದದ್ದಕ್ಕೆ ಕಿವಿಗೊಡಬೇಕಾಗಿಲ್ಲ.

ಕಚೇರಿಯ ಭಾಷೆಯದ್ದೂ ಹೀಗೇ. ಘೋಷಿತ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಮತ್ತೆ ಕಾನೂನು ತರುತ್ತೇನೆಂಬ ಭರವಸೆ ಯಾಕೆ? ವಿಲೇಜ್ ಆಫೀಸಿನಲ್ಲಿ ಕನ್ನಡ ಓದಲು ಬರುವ ಗುಮಾಸ್ತ ಇದ್ದಾನೋ, ಆ ಹುದ್ದೆ ಖಾಲಿ ಬಿದ್ದರೆ ತುಂಬಿಸಲು ಏನು ಮಾಡುತ್ತೀರಿ, ಅದನ್ನು ಹೇಳಲಿ.

ಅಡಿಕೆಯಲ್ಲಿ ಗೊಂದಲ ಇನ್ನೂ ಹೆಚ್ಚು. ಆಮದು ಅಡಿಕೆಯ ಕನಿಷ್ಠ ದರವನ್ನು 2023ರಲ್ಲಿ ಕಿಲೋಗೆ 351 ರೂಪಾಯಿಗೆ ಏರಿಸಿದ್ದು ಕೇಂದ್ರ ಸರಕಾರ. ವಿಧಾನಸಭೆಗೆ ನಿಂತವರು ಅಡಿಕೆ ದರದ ಮೇಲೆ ಭಾಷಣ ಬಿಗಿದರೆ ಚಪ್ಪಾಳೆ ತಟ್ಟಬಹುದು, ಲೆಕ್ಕಕ್ಕೆ ಹಿಡಿಯಬಾರದು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಹಾಗಲ್ಲ, ಅದು ರಾಜ್ಯದ ಕೆಲಸ. ಅಡಿಗಲ್ಲು ಬಿದ್ದದ್ದು 2013ರಲ್ಲಿ, ಐಕ್ಯರಂಗದ ಕಾಲದಲ್ಲಿ. 2016ರಲ್ಲಿ ಎಡರಂಗ ಬಂತು. ಕಟ್ಟಡ 2020ರಲ್ಲಿ ಕೋವಿಡ್ ಆಸ್ಪತ್ರೆಯಾಯಿತು. ಯಾರ ಸಾಧನೆ ಎಂಬ ಜಗಳ ಸಾಕು. ಎಷ್ಟು ಹುದ್ದೆ ಮಂಜೂರಾಗಿದೆ, ಎಷ್ಟು ಭರ್ತಿಯಾಗಿದೆ ಎಂದು ಎರಡೂ ರಂಗದವರನ್ನು ಕೇಳಬಹುದು.

ಹಾಲಿ ಶಾಸಕರೇ ಮತ್ತೆ ನಿಂತಿದ್ದರೆ ಮಾತಿಗಿಂತ ದಾಖಲೆ ನೋಡಿ. ಕೇರಳ ವಿಧಾನಸಭೆಯ ಜಾಲತಾಣದಲ್ಲಿ ಪ್ರಶ್ನೋತ್ತರಗಳಿವೆ, ಹೆಚ್ಚಿನವು ಮಲಯಾಳದಲ್ಲಿ. ಸಂಖ್ಯೆ ಎಣಿಸಿ ಮೋಸ ಹೋಗಬೇಡಿ: ಒಂದೇ ಪ್ರಶ್ನೆಗೆ ಮೂರು ನಾಲ್ಕು ಸದಸ್ಯರ ಹೆಸರಿರುವುದು ಸಾಮಾನ್ಯ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರ ಬಂದ ಮೇಲೆ ಅದೇ ವಿಷಯವನ್ನು ಮುಂದಿನ ಅಧಿವೇಶನದಲ್ಲಿ ಮತ್ತೆ ಎತ್ತಿದ್ದಾರೋ ಇಲ್ಲವೋ, ನೋಡಬೇಕಾದ್ದು ಅದನ್ನು. ಮಂತ್ರಿಯಾಗಿದ್ದವರ ಹೆಸರಲ್ಲಿ ಪ್ರಶ್ನೆ ಇರುವುದಿಲ್ಲ, ಅವರು ಉತ್ತರ ಕೊಡುವವರು. ಹೊಸಬರಾದರೆ ನಾಮಪತ್ರದ ಜೊತೆಗಿನ ಫಾರ್ಮ್ 26 ಅಫಿಡವಿಟ್ ಚುನಾವಣಾ ಆಯೋಗದ ತಾಣದಲ್ಲಿ ಸಿಗುತ್ತದೆ. ಅದರಲ್ಲಿ ನಿಲುವು ಇರುವುದಿಲ್ಲ, ಆದರೆ ಕೇಸು, ಆಸ್ತಿ, ಸಾಲ, ಸರಕಾರದ ಜೊತೆಗಿನ ಗುತ್ತಿಗೆ ಇರುತ್ತದೆ. ರಸ್ತೆ ಗುತ್ತಿಗೆದಾರ ರಸ್ತೆಯ ಬಗ್ಗೆ ಮಾತಾಡುವಾಗ ಅದು ಗೊತ್ತಿದ್ದರೆ ಒಳ್ಳೆಯದು.

ಮನೆಗೆ ಬರುವ ಕನ್ನಡ ಕರಪತ್ರವನ್ನು ಪಕ್ಷದ ರಾಜ್ಯ ಪ್ರಣಾಳಿಕೆಯ ಪಕ್ಕ ಇಟ್ಟು ಓದಿ, ಮಲಯಾಳ ಬಾರದಿದ್ದರೆ ಬರುವವರಿಂದ ಓದಿಸಿ. ಕನ್ನಡ ಶಾಲೆಯ ಅಂಶ ಕರಪತ್ರದಲ್ಲಿ ಮಾತ್ರ ಇದ್ದರೆ ಅದು ಆ ಅಭ್ಯರ್ಥಿಯೊಬ್ಬನ ಮಾತು, ತಿರುವನಂತಪುರದಲ್ಲಿ ಪಕ್ಷ ಅದಕ್ಕೆ ಬದ್ಧವಲ್ಲ. ಎರಡರಲ್ಲೂ ಇದ್ದರೆ ಪುಟದ ಸಂಖ್ಯೆ ಗುರುತು ಹಾಕಿಟ್ಟುಕೊಳ್ಳಿ.