ಆ ನಲವತ್ತೈದು ದಿನ

ರಾತ್ರಿ 1943ರ ಇಟಲಿಯ ಬಗ್ಗೆ ಓದುತ್ತಾ ಕೂತವನಿಗೆ ನಿದ್ದೆಯೇ ಹತ್ತಲಿಲ್ಲ.

ಜುಲೈ 10ಕ್ಕೆ ಬ್ರಿಟನ್, ಅಮೆರಿಕಗಳ ಮಿತ್ರಪಡೆಗಳು ಇಟಲಿಯ ಸಿಸಿಲಿ ದ್ವೀಪಕ್ಕೆ ಇಳಿದವು. ಎರಡು ವಾರ ಕಳೆಯುತ್ತಲೇ ಸರ್ವಾಧಿಕಾರಿ ಮುಸೊಲಿನಿಯ ಪಕ್ಷದ ಉನ್ನತ ಸಭೆಯಾದ ಫ್ಯಾಸಿಸ್ಟ್ ಮಹಾಮಂಡಳಿಯೇ 19–8 ಮತಗಳಿಂದ ಅವನ ಕೈಬಿಟ್ಟಿತು. ಜುಲೈ 25ರಂದು ಅರಸ ಅವನನ್ನು ವಜಾ ಮಾಡಿ ಸೆರೆ ಹಿಡಿಸಿದ. ಯುದ್ಧ ಮುಗಿಯಿತೆಂದು ಜನ ಬೀದಿಗಿಳಿದು ಕುಣಿದರು. ಹೊಸ ಪ್ರಧಾನಿ ಬದೊಗ್ಲಿಯೊ ಮಾತ್ರ ರೇಡಿಯೊದಲ್ಲಿ ಯುದ್ಧ ಮುಂದುವರಿಯುತ್ತದೆ ಎಂದ. ಒಳಗೊಳಗೇ ಮಿತ್ರಪಡೆಗಳ ಜೊತೆ ಸಂಧಾನ ಶುರುಮಾಡಿದ.

ಸೆಪ್ಟೆಂಬರ್ 3ಕ್ಕೆ ಕದನವಿರಾಮಕ್ಕೆ ಸಹಿ, 8ರ ಸಂಜೆ, ಅಂದರೆ ಮುಸೊಲಿನಿ ಬಿದ್ದ ನಲವತ್ತೈದು ದಿನಕ್ಕೆ, ಘೋಷಣೆ. ಮರುದಿನ ನಸುಕಿನಲ್ಲೇ ಅರಸ, ಪ್ರಧಾನಿ ಇಬ್ಬರೂ ರೋಮ್ ಬಿಟ್ಟು ಓಡಿದರು. ನನಗೆ ಸಂಕಟವಾಗುವುದು ಇಲ್ಲೇ. ಗ್ರೀಸಿನಲ್ಲಿ, ಬಾಲ್ಕನ್ ಬೆಟ್ಟಗಳಲ್ಲಿ ಬಂದೂಕು ಹಿಡಿದು ನಿಂತಿದ್ದ ಇಟಲಿಯ ಸೈನಿಕರಿಗೆ ಸ್ಪಷ್ಟವಾದ ಒಂದು ಆದೇಶವೂ ಇರಲಿಲ್ಲ. ನಿನ್ನೆಯ ಜೊತೆಗಾರ ಜರ್ಮನ್ನರ ಮೇಲೆ ಗುಂಡು ಹಾರಿಸಬೇಕೇ, ಆಯುಧ ಒಪ್ಪಿಸಬೇಕೇ? ಆರು ಲಕ್ಷಕ್ಕೂ ಹೆಚ್ಚು ಜನ ಜರ್ಮನ್ನರ ಶಿಬಿರಗಳ ಪಾಲಾದರು. ಗ್ರೀಸಿನ ಕೆಫಲೋನಿಯಾ ದ್ವೀಪದಲ್ಲಿ ಎದುರು ನಿಂತು ಕಾದಾಡಿದವರನ್ನು ಶರಣಾದ ಮೇಲೂ ಗುಂಡಿಟ್ಟು ಕೊಂದರು.

ಅರಸನ ಹಡಗು ದಕ್ಷಿಣ ಇಟಲಿಯ ಬ್ರಿಂಡಿಸಿ ಬಂದರನ್ನು ಸುರಕ್ಷಿತವಾಗಿ ತಲುಪಿತು. ಆ ಸಾಲು ಓದಿದ ಮೇಲೆ ಪುಸ್ತಕ ಮುಚ್ಚಿಟ್ಟೆ.