ಕರಿ ಕಲ್ಲು, ಕೆಂಪು ಗೀಟು

ಇವತ್ತು ಏಳನೇ ಕ್ಲಾಸಿನಲ್ಲಿ ವಿಜ್ಞಾನದ ಪುಸ್ತಕ ತೆಗೆಸಲೇ ಇಲ್ಲ. ಒಬ್ಬೊಬ್ಬರು ಒಂದೊಂದು ಕಲ್ಲು ತನ್ನಿ ಅಂತ ನಿನ್ನೆ ಹೇಳಿದ್ದೆ. ನಮ್ಮ ಸಂಡೂರಲ್ಲಿ ಕಲ್ಲಿಗೇನು ಬರ? ಮೇಜು ತುಂಬಿಹೋಯಿತು.

ಒಡೆದ ಟೈಲ್ಸಿನ ಹಿಂಬದಿ, ಹೊಳಪಿಲ್ಲದ ಕಡೆ, ಒಬ್ಬಳು ತನ್ನ ಕಲ್ಲನ್ನು ಗಟ್ಟಿಯಾಗಿ ಉಜ್ಜಿದಳು. ಕಲ್ಲು ಕರ್ರಗೆ ಮಿಂಚುತ್ತಿತ್ತು. ಬಿದ್ದ ಗೀಟು ಮಾತ್ರ ಇಟ್ಟಿಗೆ ಪುಡಿಯಂಥ ಕೆಂಪು.

"ಟೀಚರ್, ಕಲ್ಲು ಕರ್ರಗೈತಿ, ಗೀಟು ಯಾಕ ಕೆಂಪು ಬಂತ್ರಿ?"

ನಾನು ಸುಮ್ನೆ ಕಾದೆ. ಹಿಂದಿನ ಬೆಂಚಿನ ಹುಡುಗ ಕಿಟಕಿ ಕಡೆ ಕೈ ತೋರಿಸಿದ. "ನಮ್ಮ ರೋಡಿನ ಧೂಳಿನ ಬಣ್ಣ ರೀ!" ಹೌದು, ಅದೇ ಹೆಮಟೈಟ್, ಕಬ್ಬಿಣದ ಅದಿರು. ಪುಡಿಯಾದರೆ ಕೆಂಪೇ. ಅಷ್ಟೇ ಗಾತ್ರದ ಬೆಣಚುಕಲ್ಲನ್ನು ಆ ಹುಡುಗಿಯ ಇನ್ನೊಂದು ಕೈಗೆ ಕೊಟ್ಟೆ. ಅದಿರು ಹಿಡಿದ ಕೈ ಕೆಳಗಿಳಿಯಿತು. ಹೆಚ್ಚುಕಡಿಮೆ ಎರಡರಷ್ಟು ಭಾರ.

ಬಟ್ಟೆ ಒಗೆದಾಗ ಬಿಡುವ ಕೆಂಪು ನೀರು ಈ ಮಕ್ಕಳಿಗೆ ದಿನಾ ಗೊತ್ತು. ಆ ಕೆಂಪು 250 ಕೋಟಿ ವರ್ಷಕ್ಕಿಂತ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ ಅಂತ ಇಷ್ಟು ದಿನ ಯಾಕೆ ಹೇಳಲಿಲ್ಲ ನಾನು?

ಬೆಲ್ ಹೊಡೆದ ಮೇಲೆ ಅವಳು ಟೈಲ್ಸ್ ಚೂರನ್ನು ಬ್ಯಾಗಿಗೆ ಹಾಕಿಕೊಂಡಳು. ಲಾರಿ ಓಡಿಸುವ ಅಪ್ಪನಿಗೆ ತೋರಿಸಬೇಕಂತೆ.